ಊರಿನ ಆಪತ್ತುಗಳ ನಕ್ಷೆ

ನಮ್ಮ ದಾವಣಗೆರೆ ಸೀಮೆಯಲ್ಲಿ ನೀರಿನ ಭಯವೂ ನೀರಿಲ್ಲದ ಭಯವೂ ನೆರೆಹೊರೆಯಾಗಿವೆ. ತುಂಗಭದ್ರೆಯ ದಡದ ಹೊನ್ನಾಳಿ ಮಹಾಪೂರಕ್ಕೆ ಅಂಜಿದರೆ ಜಗಳೂರು ಬರಕ್ಕೆ ಅಂಜುವುದು. ನ್ಯಾಮತಿಯು ಹೊನ್ನಾಳಿಯಿಂದ ಬೇರೆ ತಾಲ್ಲೂಕಾದರೂ ಹೊಳೆಯು ಎಲ್ಲೆಯನ್ನರಿಯದು. ಚನ್ನಗಿರಿಯ ಸೂಳೆಕೆರೆಯಲ್ಲಿ ಪೂರ್ವಿಕರು ಎರಡು ಬೆಟ್ಟಗಳ ನಡುವಣ ಇಕ್ಕಟ್ಟನ್ನು ಗುರುತಿಸಿ, ಏರಿ ಕಟ್ಟಿ, ಹರಿದ್ರೆಯನ್ನು ತಡೆದರು. ನೆಲವನ್ನು ಓದಬಲ್ಲವರ ಕಾರ್ಯವದು.

ಧಾತು-ಈಶ್ವರ ಸಂವತ್ಸರಗಳ, ಎಂದರೆ 1876-78ರ ಕ್ಷಾಮದಲ್ಲಿ, ಮೈಸೂರು ಸಂಸ್ಥಾನದ ಸುಮಾರು ಐದರಲ್ಲೊಂದು ಪಾಲು ಜನರು ಅಳಿದರು. ಆಗ ಯಾವ ಬಾವಿ ಬತ್ತಲಿಲ್ಲವೆಂಬುದನ್ನು ಕಂಡವರು ಬರೆದಿಡದೆ ಹೋದರು. ಹೊಳೆ ಯಾವ ಮೆಟ್ಟಲಿಗೇರಿತೆಂಬುದನ್ನು ಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಊರಿನವರು ಚಾವಡಿಯಲ್ಲಿ ಕುಳಿತು, ವೃದ್ಧರೂ ನೀರು ಹೊತ್ತ ಹೆಂಗಸರೂ ಹೇಳಿದಂತೆ ತಗ್ಗು, ದಿಣ್ಣೆ, ಬಾವಿ, ದಾರಿಗಳನ್ನು ಹುಡುಗರಿಂದ ಬರೆಯಿಸಲಿ. ನಾಲಗೆಯ ಮೇಲಿನ ಚರಿತ್ರೆ ನಾಲಗೆಯೊಡನೆಯೇ ಅಳಿಯುವುದು.