ದಾರಿ ಬಿಡುವವರು ಯಾರು?

ನಂಜನಗೂಡು ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದಾದ ಚಿಕ್ಕಯ್ಯನಛತ್ರದ ಹೆಸರನ್ನು ನಾವು ಬಸ್ಸಿನ ಫಲಕದಲ್ಲಿಯೋ ಪಹಣಿಯ ಹಾಳೆಯಲ್ಲಿಯೋ ಓದಿ ಮುಂದೆ ಸಾಗುತ್ತೇವೆ. ಆ ಹೆಸರಿನ ಕೊನೆಯ ಎರಡಕ್ಷರಗಳಲ್ಲಿ ಒಂದು ಕಾಲದ ರಸ್ತೆಯ ಧರ್ಮವೇ ಅಡಗಿದೆ. ಛತ್ರವೆಂದರೆ ದಾರಿಹೋಕರಿಗೆ ನೆರಳು, ನೀರು, ಒಂದು ರಾತ್ರಿಯ ಆಸರೆ. ದಾರಿಯಲ್ಲಿ ನಡೆಯುವವನು ದಣಿಯುತ್ತಾನೆ, ಅವನ ದಣಿವಿಗೆ ಊರು ಹೊಣೆ ಎಂಬ ಭಾವನೆಯಿಂದ ಛತ್ರಗಳು, ಅರವಟ್ಟಿಗೆಗಳು, ಸಾಲುಮರಗಳು ನಮ್ಮ ನಾಡಿನ ಹೆದ್ದಾರಿಗಳ ಇಕ್ಕೆಲಗಳಲ್ಲಿ ಎದ್ದವು. ಆ ಕಾಲದಲ್ಲಿ ರಸ್ತೆಯ ಯಜಮಾನ ಕಾಲ್ನಡಿಗೆಯವನು. ಗಾಡಿ, ಕುದುರೆ, ಪಲ್ಲಕ್ಕಿಗಳು ಅವನ ನಡುವೆ ದಾರಿ ಕೇಳಿಕೊಂಡು ಸಾಗಬೇಕಾಗಿತ್ತು.

ಇಂದು ಅದೇ ಸೀಮೆಯ ಮೂಲಕ ಮೈಸೂರಿನಿಂದ ನಂಜನಗೂಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಚತುಷ್ಪಥವಾಗಿದೆ. ಸಂಜೆ ಪಾಳಿ ಮುಗಿಸಿದ ಕಾರ್ಮಿಕನೊಬ್ಬ ಸೈಕಲ್ ತುಳಿಯುತ್ತಾ ಈ ರಸ್ತೆಗೆ ಇಳಿದರೆ, ಅವನು ರಸ್ತೆಯ ಒಡೆಯನೂ ಅಲ್ಲ, ಅತಿಥಿಯೂ ಅಲ್ಲ. ವೇಗವಾಗಿ ಸಾಗುವವರಿಗೆ ಅವನೊಂದು ಅಡಚಣೆ. ಈ ಬದಲಾವಣೆ ಒಂದೇ ದಿನದಲ್ಲಿ ಆದುದಲ್ಲ. ಇದರ ಚರಿತ್ರೆಯನ್ನು ಸ್ವಲ್ಪ ಸಾವಧಾನವಾಗಿ ನೋಡಿದರೆ, ಸೈಕಲ್ ಸವಾರರಿಗೂ ವಾಹನ ಚಾಲಕರಿಗೂ ನಡುವೆ ನಾವು ಕಾಣುವ ಮುನಿಸು ಎಲ್ಲಿಂದ ಬಂದಿತೆಂಬುದು ತಿಳಿಯುತ್ತದೆ.

ಮೊದಲಿಗೆ ನಂಜನಗೂಡಿನ ಹಳೆಯ ಸೇತುವೆಯನ್ನೇ ತೆಗೆದುಕೊಳ್ಳೋಣ. ಕಪಿಲಾ ನದಿಗೆ ಅಡ್ಡಲಾಗಿ 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆ ಅದು. ಕಟ್ಟಿದವರ ಕಣ್ಣ ಮುಂದಿದ್ದುದು ಎತ್ತಿನ ಗಾಡಿ, ಕುದುರೆ, ಶ್ರೀಕಂಠೇಶ್ವರನ ಯಾತ್ರೆಗೆ ಹೊರಟ ಜನಸಮೂಹ. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದಾಗ ಹಳಿಗಳನ್ನೂ ಅದೇ ಸೇತುವೆಯ ಮೇಲೆ ಹಾಯಿಸಿದರು. ಒಂದು ಪಕ್ಕದಲ್ಲಿ ರೈಲು, ಇನ್ನೊಂದು ಪಕ್ಕದಲ್ಲಿ ರಸ್ತೆ. ಗಾಡಿ, ಜನ, ಮುಂದೆ ಸೈಕಲ್, ಮೋಟಾರು ಎಲ್ಲವೂ ಆ ಕಿರಿದಾದ ಹಾದಿಯಲ್ಲಿಯೇ ಸಾಗಬೇಕು. ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಎದುರಿನವನ ಮುಖ ನೋಡದೆ ದಾಟುವುದು ಸಾಧ್ಯವಿಲ್ಲ. ಯಾರು ಮೊದಲು, ಯಾರು ಆಮೇಲೆ ಎಂಬುದನ್ನು ಕಣ್ಸನ್ನೆ, ಕೈಸನ್ನೆಗಳಲ್ಲೇ ತೀರ್ಮಾನಿಸಿಕೊಳ್ಳಬೇಕು. ಬ್ರಾಡ್‌ಗೇಜ್ ಹಳಿಗಳಿಗೆ ಬೇರೆ ಸೇತುವೆ, ಹೆದ್ದಾರಿಗೆ ಬೇರೆ ಸೇತುವೆ ಆದ ಮೇಲೆ ಹಳೆಯದು ಸ್ಮಾರಕವಾಗಿ ಉಳಿದಿದೆ. ವಿಶಾಲವಾದ ಸೇತುವೆ ಬೇಕಾಗಿಯೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಕ್ಕಟ್ಟು ಕಲಿಸಿದ ವಿನಯವನ್ನು ವಿಶಾಲ ರಸ್ತೆ ಕಲಿಸಲಿಲ್ಲ.

ಸೈಕಲ್ಲಿನ ಕಥೆಗೆ ಬರೋಣ. ಎರಡೂ ಚಕ್ರಗಳು ಬಹುಮಟ್ಟಿಗೆ ಸಮನಾಗಿರುವ, ಸರಪಳಿಯಿಂದ ಓಡುವ ಇಂದಿನ ಮಾದರಿಯ ಸೈಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಮಾರುಕಟ್ಟೆಗೆ ತಂದನು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದನು. ಆ ದಿನಗಳಲ್ಲಿ ರಸ್ತೆಯ ಮೇಲೆ ದರ್ಪ ತೋರುತ್ತಿದ್ದವನು ಸೈಕಲ್ ಸವಾರನೇ! ಸದ್ದಿಲ್ಲದೆ ಹಿಂದಿನಿಂದ ಬಂದು ಹಾದುಹೋಗುವ ಅವನನ್ನು ಕಂಡು ಕುದುರೆಗಳು ಬೆದರುತ್ತಿದ್ದವು, ಪಾದಚಾರಿಗಳು ಶಪಿಸುತ್ತಿದ್ದರು. ಆದುದರಿಂದಲೇ 1888ರಲ್ಲಿ ಬ್ರಿಟನ್ನಿನ ಕಾನೂನೊಂದು ಸೈಕಲ್ಲನ್ನು ಗಾಡಿಗಳ ಸಾಲಿಗೆ ಸೇರಿಸಿ, ರಾತ್ರಿ ದೀಪವಿರಬೇಕು, ಮುಂದಿರುವವರನ್ನು ದಾಟುವಾಗ ಗಂಟೆ ಬಾರಿಸಿಯೋ ಬೇರೆ ರೀತಿಯಲ್ಲಿಯೋ ಎಚ್ಚರಿಕೆ ಕೊಡಬೇಕು ಎಂದು ವಿಧಿಸಿತು. ನಮ್ಮ ಸೈಕಲ್ಲಿನ ಗಂಟೆ ಹೀಗೆ ನಡೆಯುವವನ ರಕ್ಷಣೆಗಾಗಿ ಬಂದ ಸಾಧನ. ಸೈಕಲ್ ಸಂಘಗಳು ಒಳ್ಳೆಯ ರಸ್ತೆಗಳಿಗಾಗಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಹೋರಾಡಿದವು. ಆ ನಯವಾದ ರಸ್ತೆಗಳ ಮೇಲೆ ಕೆಲವೇ ವರ್ಷಗಳಲ್ಲಿ ಮೋಟಾರು ಕಾರುಗಳು ಓಡತೊಡಗಿದುದು ಚರಿತ್ರೆಯ ವಿನೋದಗಳಲ್ಲೊಂದು.

ಮೋಟಾರು ಬಂದಾಗ ಸಮಾಜ ಅದನ್ನು ಅನುಮಾನದಿಂದಲೇ ನೋಡಿತು. ಉಗಿಯಿಂದ ಓಡುವ ವಾಹನಗಳ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕೆಂದು ಬ್ರಿಟನ್ 1865ರಲ್ಲಿಯೇ ಕಾನೂನು ಮಾಡಿತ್ತು. 1896ರಲ್ಲಿ ಹಗುರ ವಾಹನಗಳಿಗೆ ಈ ನಿರ್ಬಂಧಗಳಿಂದ ವಿನಾಯಿತಿ ಸಿಕ್ಕಿತು. ಆದರೂ ಬೆದರಿದ ಕುದುರೆಯನ್ನು ಹಿಡಿದವನು ಕೈ ಎತ್ತಿದರೆ ಮೋಟಾರು ನಿಲ್ಲಬೇಕೆಂಬ ನಿಯಮ ಉಳಿಯಿತು. ಈ ನಿಯಮದ ಜಾಡು ನಮ್ಮ ದೇಶದಲ್ಲಿ ಇಂದಿಗೂ ಜೀವಂತವಾಗಿದೆ ಎಂಬುದು ಬಹಳ ಜನರಿಗೆ ತಿಳಿಯದು. 1988ರ ಮೋಟಾರು ವಾಹನಗಳ ಕಾಯಿದೆಯ 132ನೆಯ ಪ್ರಕರಣದ ಪ್ರಕಾರ, ವಾಹನವನ್ನು ಕಂಡು ತನ್ನ ಪ್ರಾಣಿ ಬೆದರಿ ಹತೋಟಿ ತಪ್ಪೀತೆಂದು ಅದನ್ನು ಹಿಡಿದವನು ಸೂಚಿಸಿದರೆ ಚಾಲಕನು ವಾಹನವನ್ನು ನಿಲ್ಲಿಸಬೇಕು. ಎತ್ತಿನ ಗಾಡಿಯ ರೈತನಿಗೆ ಕಾನೂನು ಕೊಟ್ಟ ಗೌರವ ಅದು. ಎತ್ತಿನ ಭಯಕ್ಕೆ ಕಾನೂನಿನಲ್ಲಿ ಸ್ಥಾನವಿದೆ. ಲಾರಿಯ ಗಾಳಿಗೆ ತತ್ತರಿಸುವ ಸೈಕಲ್ ಸವಾರನ ಭಯಕ್ಕೆ ಅಂತಹ ಸ್ಥಾನವಿಲ್ಲ.

ಮೈಸೂರು ಸೀಮೆಯಲ್ಲಿ ಸೈಕಲ್ ಮೊದಲು ಅಧಿಕಾರಿಗಳ, ಉಳ್ಳವರ ವಾಹನವಾಗಿತ್ತು. ಮೈಸೂರು ನಗರದಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಗಿ ಬೀದಿಗಳು ಅಗಲವಾದವು. ಟಾಂಗಾಗಳ ನಡುವೆ ಇಂಗ್ಲೆಂಡಿನಿಂದ ಬಂದ ಸೈಕಲ್ಲುಗಳೂ ಓಡಾಡಿದವು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಚಿತ್ರ ಬದಲಾಯಿತು. ಮದರಾಸಿನ ಅಂಬತ್ತೂರಿನಲ್ಲಿ, ಅಸನ್‌ಸೋಲಿನಲ್ಲಿ, ಸೋನಿಪತ್ತಿನಲ್ಲಿ, 1956ರಲ್ಲಿ ಲೂಧಿಯಾನದಲ್ಲಿ ಕಾರ್ಖಾನೆಗಳು ಎದ್ದು ಸೈಕಲ್ ನಮ್ಮದಾಯಿತು. ಗುಮಾಸ್ತ, ಮೇಷ್ಟ್ರು, ಅಂಚೆಯಣ್ಣ, ಉಪದೇಶಿ, ಹಾಲಿನವರು ಎಲ್ಲರೂ ಅದರ ಮೇಲೇರಿದರು. ಮದುವೆಯಲ್ಲಿ ಅಳಿಯನಿಗೆ ಸೈಕಲ್, ಕೈಗಡಿಯಾರ, ರೇಡಿಯೋ ಕೊಡುವುದು ಪ್ರತಿಷ್ಠೆಯಾಯಿತು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದು, ಸೀಟಿಗೆ ಕಾಲು ನಿಲುಕದೆ ಒಳಪೆಡಲು ತುಳಿದು ಕಲಿತ ಹುಡುಗರ ಮೊಣಕಾಲಿನ ಗಾಯದ ಗುರುತು ಇಂದಿನ ಎಷ್ಟೋ ತಾತಂದಿರ ಕಾಲಿನಲ್ಲಿದೆ.

ಸವಾರನಿಗೆ ಕಟ್ಟುಪಾಡುಗಳೂ ಇದ್ದವು. ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಪಡೆಯಬೇಕು, ಕತ್ತಲಾದರೆ ಸೀಮೆಎಣ್ಣೆಯ ದೀಪವನ್ನೋ ಡೈನಮೋವನ್ನೋ ಹೊತ್ತಿಸಬೇಕು, ಇಬ್ಬರು ಕುಳಿತು ಸಾಗುವಂತಿಲ್ಲ. ದೀಪವಿಲ್ಲದ ಸವಾರ ಪೊಲೀಸಿನವನನ್ನು ಕಂಡೊಡನೆ ಇಳಿದು ಸಾಧುವಿನಂತೆ ಸೈಕಲ್ ತಳ್ಳಿಕೊಂಡು ಹೋಗುವ ದೃಶ್ಯವನ್ನು ಹಳಬರು ಈಗಲೂ ನಗುತ್ತಾ ನೆನೆಯುತ್ತಾರೆ. ಅಂದರೆ ಕಾನೂನಿನ ಕಣ್ಣಿನಲ್ಲಿ ಸೈಕಲ್ ಒಂದು ಪೂರ್ಣ ವಾಹನ. ಜವಾಬ್ದಾರಿಯನ್ನು ಹೊರಿಸಿದ ಕಾನೂನು ಅದರೊಡನೆ ರಸ್ತೆಯಲ್ಲಿ ಒಂದು ಸ್ಥಾನವನ್ನೂ ಕೊಟ್ಟಿತ್ತು. ಬಿಲ್ಲೆ ಹೋಯಿತು, ದೀಪ ಹೋಯಿತು. ಅವುಗಳ ಹಿಂದೆಯೇ ಆ ಸ್ಥಾನವೂ ಸವೆದು ಹೋಯಿತು.

ಇತ್ತ ಮೋಟಾರುಗಳು ಹೆಚ್ಚಿದವು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಕೆಲಸ ಆರಂಭಿಸಿತು. 1961ರಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಜಾವಾ ಮೋಟಾರ್‌ಸೈಕಲ್ಲುಗಳು ಹೊರಬಂದವು. 1996ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೂ ಜಾವಾ, ಯೆಜ್ಡಿಗಳ ಸದ್ದು ಈ ಊರಿನ ಗುರುತಾಗಿತ್ತು. ಎಂಬತ್ತರ ದಶಕದಲ್ಲಿ ಮೊಪೆಡ್‌ಗಳು ಹಳ್ಳಿಗೂ ತಲುಪಿದವು. ನಂಜನಗೂಡು ರಸ್ತೆಯ ಕಡಕೊಳದ ಬಳಿಯಲ್ಲಿಯೇ ಇಂದು ದ್ವಿಚಕ್ರ ವಾಹನಗಳ ದೊಡ್ಡ ಕಾರ್ಖಾನೆಯಿದೆ. ನಿನ್ನೆ ಸೈಕಲ್ ತುಳಿಯುತ್ತಿದ್ದವನೇ ಇಂದು ಮೊಪೆಡ್ ಏರಿದನು, ನಾಳೆ ಕಾರು ಕೊಂಡನು. ಅಂತಹವನು ಸ್ಟೀರಿಂಗ್ ಹಿಡಿದಾಗ, ಏರು ದಾರಿಯಲ್ಲಿ ಎದೆಯುಸಿರು ಬಿಡುವ ಸವಾರನ ಕಷ್ಟ ಅವನ ಕಾಲುಗಳಿಗೇ ಗೊತ್ತಿತ್ತು. ಒಂದಿಷ್ಟು ಬಲಕ್ಕೆ ಸರಿದು ಜಾಗ ಬಿಟ್ಟು ದಾಟುತ್ತಿದ್ದನು. ಸೈಕಲ್ಲನ್ನು ಅಂಗಳದ ಆಟಿಕೆಯಾಗಿ ಮಾತ್ರ ಕಂಡು ನೇರವಾಗಿ ಕಾರು ಕಲಿತವರಿಗೆ ಆ ನೆನಪಿಲ್ಲ. ನಮ್ಮ ರಸ್ತೆಗಳಲ್ಲಿ ಸೌಜನ್ಯ ಕ್ಷೀಣಿಸಿದುದಕ್ಕೆ ಹೊಸ ಪೀಳಿಗೆಯ ದುಷ್ಟತನಕ್ಕಿಂತ ಈ ನೆನಪಿನ ಕೊರತೆಯೇ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ.

ಮುನಿಸು ಒಂದೇ ಕಡೆಯದಲ್ಲ. ಎದುರು ದಿಕ್ಕಿನಲ್ಲಿ ಬರುವ, ಕೈ ತೋರಿಸದೆ ತಿರುಗುವ, ದೀಪವಾಗಲಿ ಹಿಂದೆ ಹೊಳೆಯುವ ಕೆಂಪು ಪಟ್ಟಿಯಾಗಲಿ ಇಲ್ಲದೆ ಕತ್ತಲಲ್ಲಿ ಸಾಗುವ ಸೈಕಲ್ ಸವಾರರಿದ್ದಾರೆ. ಅಂತಹವರನ್ನು ಕೊನೆಯ ಕ್ಷಣದಲ್ಲಿ ಕಂಡು ಬ್ರೇಕ್ ಒತ್ತಿದ ಬಸ್ ಚಾಲಕನ ಎದೆಬಡಿತವನ್ನೂ ನಾವು ಅರಿಯಬೇಕು. ಆದರೆ ಎರಡೂ ಕಡೆಯ ತಪ್ಪುಗಳ ಬೆಲೆ ಸಮನಲ್ಲ. ಸಯ್ಯಾಜಿರಾವ್ ರಸ್ತೆಯಂತಹ ಬೀದಿಯಲ್ಲಿ ನಿಂತ ಕಾರಿನ ಬಾಗಿಲನ್ನು ಹಿಂದೆ ನೋಡದೆ ತೆರೆದರೆ ಬೀಳುವವನು ಸವಾರ, ಗೀರಾಗುವುದು ಬಾಗಿಲಿಗೆ. 2022ನೆಯ ವರ್ಷದಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಜನರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ 32,825 ಮಂದಿ ಪಾದಚಾರಿಗಳು, ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ಹಾರ್ನ್ ಸಹ ತನ್ನ ಅರ್ಥವನ್ನು ಬದಲಿಸಿಕೊಂಡಿದೆ. 'ನಾನು ಬರುತ್ತಿದ್ದೇನೆ, ಎಚ್ಚರ' ಎಂಬ ವಿನಂತಿಯಾಗಿದ್ದುದು 'ಸರಿ ಅತ್ತ' ಎಂಬ ಆಜ್ಞೆಯಾಗಿದೆ.

ಅಪಘಾತದ ನಂತರದ ನಡವಳಿಕೆಯಲ್ಲಿ ಈ ಅಪನಂಬಿಕೆ ಅತ್ಯಂತ ಘೋರವಾಗಿ ಕಾಣುತ್ತದೆ. ಗಾಯಗೊಂಡವನಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯವೆಂದು ಕಾಯಿದೆಯ 134ನೆಯ ಪ್ರಕರಣ ಹೇಳುತ್ತದೆ. ಆದರೆ ಗುಂಪಿನ ಕ್ರೋಧದಿಂದ ಅದು ಸಾಧ್ಯವಾಗದ ಪಕ್ಷದಲ್ಲಿ ಎಂಬ ವಿನಾಯಿತಿಯನ್ನೂ ಅಲ್ಲಿಯೇ ಸೇರಿಸಬೇಕಾಯಿತು. ಚಾಲಕ ಜನರಿಗೆ ಹೆದರಿ ಓಡುತ್ತಾನೆ. ಓಡಿದನೆಂದು ಜನ ಮತ್ತಷ್ಟು ಕೆರಳುತ್ತಾರೆ. ನಡುವೆ ಬಿದ್ದವನ ರಕ್ತ ಹರಿಯುತ್ತಿರುತ್ತದೆ. ನೆರವಾಗಲು ಬಂದ ದಾರಿಹೋಕರನ್ನು ಪೊಲೀಸರಾಗಲಿ ಆಸ್ಪತ್ರೆಗಳಾಗಲಿ ಪೀಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಬಲ ನೀಡಿದ ಮಾರ್ಗಸೂಚಿಗಳಿವೆ. ಅವುಗಳಿಗೆ ಎಲ್ಲೆಡೆ ಬಳಕೆಯಲ್ಲಿರುವ ಹೆಸರು ಸುವಾರ್ತೆಯ ಸಾಮತಿಯ ಸಮಾರಿತನದು. ಗಾಯಾಳುವನ್ನು ಕಂಡು ಪಕ್ಕಕ್ಕೆ ಸರಿದು ಹೋದವರ ಸಾಮತಿಯೂ ಒಂದು ರಸ್ತೆಯ ಮೇಲಿನದೇ ಅಲ್ಲವೇ? ವ್ಯಾಟಿಕನ್ನಿನ ವಲಸಿಗರ ಪಾಲನಾ ಮಂಡಳಿ 2007ರಲ್ಲಿ ಹೊರಡಿಸಿದ, ಚಾಲಕರ ಹತ್ತು ಕಟ್ಟಳೆಗಳೆಂದು ಹೆಸರಾದ ಸೂತ್ರಗಳಲ್ಲಿ ಒಂಬತ್ತನೆಯದು ರಸ್ತೆಯಲ್ಲಿ ಹೆಚ್ಚು ದುರ್ಬಲನಾದವನನ್ನು ಕಾಪಾಡುವುದಕ್ಕೆ ಸಂಬಂಧಿಸಿದೆ. 2022ರ ಜನವರಿಯಲ್ಲಿ ಬ್ರಿಟನ್ನಿನ ರಸ್ತೆ ನಿಯಮಾವಳಿಯೂ, ಹೆಚ್ಚು ಹಾನಿ ಮಾಡಬಲ್ಲ ವಾಹನದ ಚಾಲಕನಿಗೆ ಹೆಚ್ಚಿನ ಹೊಣೆ ಎಂಬ ತತ್ತ್ವವನ್ನು ಸೇರಿಸಿಕೊಂಡಿತು.

ಸೈಕಲ್ಲಿನ ದೇಶವೆಂದು ನಾವು ಹೊಗಳುವ ನೆದರ್ಲೆಂಡ್ಸ್ ಹುಟ್ಟಿನಿಂದಲೇ ಹಾಗಿರಲಿಲ್ಲ. ಯುದ್ಧದ ನಂತರ ಅಲ್ಲಿಯೂ ಕಾರುಗಳಿಗಾಗಿ ಬೀದಿಗಳನ್ನು ಅಗಲಿಸಿದರು. 1971ರಲ್ಲಿ ರಸ್ತೆಗಳಲ್ಲಿ ಸತ್ತವರು 3,300ರಷ್ಟು; ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬ ಬರೆದ ಲೇಖನದಿಂದ 'ಮಕ್ಕಳ ಹತ್ಯೆಯನ್ನು ನಿಲ್ಲಿಸಿ' ಎಂಬ ಚಳವಳಿ ಹುಟ್ಟಿತು. ತಾಯಂದಿರು, ಮಕ್ಕಳು ಬೀದಿಗೆ ಇಳಿದರು. ಸೈಕಲ್ಲಿಗೆ ಪ್ರತ್ಯೇಕ ಪಥಗಳಾದವು. ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಮೋಟಾರು ತಗಲಿದರೆ ಪರಿಹಾರದ ಹೊಣೆ ಬಹುತೇಕ ಪೂರ್ತಿಯಾಗಿ ಚಾಲಕನದೇ ಎಂಬುದು ಅಲ್ಲಿನ ನ್ಯಾಯಪದ್ಧತಿಯಲ್ಲಿ ನೆಲೆಗೊಂಡಿತು. ಮಗು ಮಗುವಿನಂತೆಯೇ ನಡೆದುಕೊಳ್ಳುತ್ತದೆ, ದೊಡ್ಡವರು ಅದನ್ನು ನಿರೀಕ್ಷಿಸಿಯೇ ವಾಹನ ಓಡಿಸಬೇಕು ಎಂಬುದು ಅದರ ಅರ್ಥ.

ಈ ಮಾತು ನಮಗೆ ದೂರದ್ದಲ್ಲ. 2006-07ನೆಯ ಸಾಲಿನಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿತು. ಊರಿನಲ್ಲಿ ಪ್ರೌಢಶಾಲೆಯಿಲ್ಲವೆಂದು ಓದು ನಿಲ್ಲಿಸಬೇಕಾಗಿದ್ದ ಹೆಣ್ಣುಮಕ್ಕಳು ಗುಂಪುಗುಂಪಾಗಿ ಸೈಕಲ್ ತುಳಿದು ಪಕ್ಕದ ಊರಿಗೆ ಹೋದರು. ಕೋವಿಡ್ ವರ್ಷಗಳಲ್ಲಿ ನಿಂತುಹೋಗುವವರೆಗೆ ಆ ಯೋಜನೆ ಮಾಡಿದ ಉಪಕಾರ ಸಾಮಾನ್ಯವಲ್ಲ. ಎಂಟನೆಯ ತರಗತಿಯೆಂದರೆ ಹದಿಮೂರು ವರ್ಷ. ಸೈಕಲ್ ಕೊಟ್ಟ ಸರ್ಕಾರ ಅದನ್ನು ತುಳಿಯುವ ಹಾದಿಯ ಬಗೆಗೆ ಅಷ್ಟೇ ಯೋಚಿಸಲಿಲ್ಲ. ಚತುಷ್ಪಥದ ಅಂಚಿನಲ್ಲಿ ಬಿಳಿಯ ಗೆರೆಯಾಚೆಗಿನ ಒಂದೆರಡು ಅಡಿ ಜಾಗವೇ ಆ ಮಕ್ಕಳ ಪಾಲಿಗೆ ಬಂದ ರಸ್ತೆ. ಅಲ್ಲಿಯೂ ಒಮ್ಮೊಮ್ಮೆ ಕೆಟ್ಟು ನಿಂತ ಲಾರಿ.

ನಗರದಲ್ಲಿ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ ಸುಮಾರು 450 ಸೈಕಲ್ಲುಗಳೊಡನೆ ಸಾರ್ವಜನಿಕ ಸೈಕಲ್ ಹಂಚಿಕೆಯ ವ್ಯವಸ್ಥೆ ಆರಂಭವಾಯಿತು. ಅದಕ್ಕೆ ಇಟ್ಟ ಹೆಸರು 'ಟ್ರಿಣ್ ಟ್ರಿಣ್', ಅದೇ ಹಳೆಯ ಗಂಟೆಯ ಸದ್ದು. 2022ರ ಆರಂಭದಲ್ಲಿ ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯ, ನಡೆಯುವವರ ಮತ್ತು ಸೈಕಲ್ ತುಳಿಯುವವರ ಹಕ್ಕುಗಳನ್ನು ಹೇಳುವ ಮಸೂದೆಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ಆದರೆ ಇಂತಹ ಯೋಜನೆಗಳ ಗಮನವೆಲ್ಲ ಬಹುಮಟ್ಟಿಗೆ ನಗರದ ಎಲ್ಲೆಯೊಳಗೇ ಉಳಿಯುತ್ತದೆ. ಆರೋಗ್ಯಕ್ಕಾಗಿ ಮುಂಜಾನೆ ಶಿರಸ್ತ್ರಾಣ ಧರಿಸಿ ಬೆಲೆಬಾಳುವ ಸೈಕಲ್ ತುಳಿಯುವವರ ದನಿ ಪತ್ರಿಕೆಗಳಿಗೆ ಕೇಳಿಸುತ್ತದೆ, ಕೇಳಿಸಲಿ. ತಾಂಡವಪುರ, ಹಿಮ್ಮಾವುಗಳ ಕಡೆಯ ಕೈಗಾರಿಕಾ ಪ್ರದೇಶದಿಂದ ರಾತ್ರಿ ಪಾಳಿ ಮುಗಿಸಿ, ಬೇರೆ ವಾಹನಕ್ಕೆ ಹಣವಿಲ್ಲದ ಕಾರಣಕ್ಕೆ ಸೈಕಲ್ಲಿನಲ್ಲಿ ಚಿಕ್ಕಯ್ಯನಛತ್ರದ ಸುತ್ತಲಿನ ಹಳ್ಳಿಗಳಿಗೆ ಮರಳುವವನ ಪರವಾಗಿ ಅರ್ಜಿ ಬರೆಯುವವರು ಕಡಿಮೆ. ಅವನಿಗೆ ಬೇಕಾಗಿರುವುದು ಹೆದ್ದಾರಿಯ ಪಕ್ಕದಲ್ಲಿ ತಡೆಗೋಡೆಯಿರುವ ಒಂದು ಕಿರುದಾರಿ, ದಾಟುವಲ್ಲಿ ಒಂದು ದೀಪ, ಹಿಂದಿನಿಂದ ಬರುವ ಕಾರಿನವನು ಬೆಳಕನ್ನು ತಗ್ಗಿಸಿ ಒಂದು ಗಜ ಬಲಕ್ಕೆ ಸರಿಯುವ ತಾಳ್ಮೆ. ಮೊದಲಿನ ಎರಡಕ್ಕೆ ಗ್ರಾಮ ಪಂಚಾಯಿತಿಯ ನಿರ್ಣಯವೂ ಹೆದ್ದಾರಿ ಇಲಾಖೆಯ ಮಂಜೂರಾತಿಯೂ ಬೇಕು. ಮೂರನೆಯದು ಇಂದು ರಾತ್ರಿಯೇ ಸಿಗಬಹುದು.