ರಂಗಾಭ್ಯಾಸದ ಪರಿಭಾಷೆ

ನಾಟಕವು ಪ್ರೇಕ್ಷಕರ ಮುಂದೆ ಬರುವುದಕ್ಕೆ ಮೊದಲು ನಟರೂ ಅವರಿಗೆ ಕಲಿಸುವವರೂ ತಮ್ಮೊಳಗೆ ಬಳಸುವ ಪದಸಮುದಾಯ. ಕನ್ನಡದಲ್ಲಿ ಇದು ಶಾಸ್ತ್ರ, ಬಯಲಾಟ, ವೃತ್ತಿನಾಟಕ, ಹವ್ಯಾಸಿ ರಂಗಭೂಮಿ ಎಂಬ ನಾಲ್ಕು ಮೂಲಗಳಿಂದ, ಕಲಿಸುವವನು ಬದಲಾದಂತೆಲ್ಲ, ಪದರಪದರವಾಗಿ ಕೂಡಿಬಂದಿದೆ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯಲ್ಲಿ ಈ ಪದರಗಳೆಲ್ಲವೂ ಒಂದೇ ರಾತ್ರಿಯ ಅಭ್ಯಾಸದಲ್ಲಿ ಕೇಳಿಬರುವುದುಂಟು.

ಅತ್ಯಂತ ಹಳೆಯ ಪದರ ಭರತನ ನಾಟ್ಯಶಾಸ್ತ್ರದ್ದು. ಅರ್ಥವನ್ನು ಪ್ರೇಕ್ಷಕನ ಅಭಿಮುಖಕ್ಕೆ ಒಯ್ಯುವುದೇ ಅಭಿನಯವೆಂದು ಬಗೆದ ಶಾಸ್ತ್ರಕಾರರು ಅದನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ನಾಲ್ಕಾಗಿ ವಿಭಾಗಿಸಿದರು. ಸೂತ್ರಧಾರ, ನಾಂದಿ, ನೇಪಥ್ಯ ಎಂಬ ಮಾತುಗಳೂ, ತನಗೆ ತಾನೇ ಆಡಿಕೊಳ್ಳುವ ಸ್ವಗತ, ಕೈಯನ್ನು ಮರೆಯಾಗಿ ಹಿಡಿದು ಒಬ್ಬನಿಗಷ್ಟೇ ಹೇಳುವ ಜನಾಂತಿಕ ಎಂಬ ಸೂಚನೆಗಳೂ ಅಲ್ಲಿಂದಲೇ ಬಂದವು. ಮೈಸೂರಿನ ಅರಸ ಚಿಕ್ಕದೇವರಾಯನ ಆಸ್ಥಾನದ ಸಿಂಗರಾರ್ಯನು ಈ ಶಾಸ್ತ್ರದ ಹಾದಿಯ ಸಂಸ್ಕೃತ ನಾಟಕವಾದ ಹರ್ಷನ ರತ್ನಾವಳಿಯನ್ನು ಅನುಸರಿಸಿ ರಚಿಸಿದ 'ಮಿತ್ರವಿಂದಾ ಗೋವಿಂದ'ವು ಈಗ ದೊರೆತಿರುವ ಮೊದಲ ಕನ್ನಡ ನಾಟಕವೆನಿಸಿದೆ.

ಗ್ರಂಥದ ಹಂಗಿಲ್ಲದೆ ಬೆಳೆದ ಎರಡನೆಯ ಪದರ ಬಯಲಾಟದ ಒಂದು ಬಗೆಯಾದ ಮೂಡಲಪಾಯ ಯಕ್ಷಗಾನದ್ದು. ಇಲ್ಲಿ ಕಲಿಸುವವನು ಭಾಗವತ. ಕಥೆಗೆ ಪ್ರಸಂಗವೆಂದೂ, ಹಾಡುವವರಿಗೂ ನುಡಿಸುವವರಿಗೂ ಹಿಮ್ಮೇಳವೆಂದೂ, ಕುಣಿಯುವವರಿಗೆ ಮುಮ್ಮೇಳವೆಂದೂ ಹೆಸರು. ಮದ್ದಳೆ, ತಾಳ, ಮುಖವೀಣೆಗಳ ನಾದಕ್ಕೆ ಹೆಜ್ಜೆಯನ್ನು ಹೊಂದಿಸುವುದೇ ಕಲಿಕೆಯ ಮೊದಲ ಪಾಠ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಜಾನಪದ ವಿದ್ವಾಂಸ ಜೀ. ಶಂ. ಪರಮಶಿವಯ್ಯನವರ ಆಸ್ಥೆಯಿಂದ ಈ ಕಲೆಗೆ ಶಿಕ್ಷಣದ ನೆಲೆ ದೊರೆಯಿತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾರಸಿ, ಮರಾಠಿ ನಾಟಕ ಮಂಡಲಿಗಳು ಕನ್ನಡ ನಾಡಿನಲ್ಲಿ ಸಂಚರಿಸಿದುವು. ಅವುಗಳ ಪ್ರಭಾವದಿಂದ ಕನ್ನಡ ಕಂಪನಿಗಳು ತಲೆಯೆತ್ತಿದಾಗ ಮೂರನೆಯ ಪದರ ಬಂದಿತು. ಈ ತೆಂಗಿನ ಸೀಮೆಯ ಜಿಲ್ಲೆಯಲ್ಲೇ ಇರುವ ಗುಬ್ಬಿಯಲ್ಲಿ 1884ರಲ್ಲಿ ಸ್ಥಾಪಿತವಾದ ಚನ್ನಬಸವೇಶ್ವರ ನಾಟಕ ಕಂಪನಿಯು ಗುಬ್ಬಿ ವೀರಣ್ಣನವರ (1891–1972) ಒಡೆತನದಲ್ಲಿ ನಾಡಿನ ಕೀರ್ತಿಯಾಯಿತು. ತಿಪಟೂರಿನ ಹಾಸ್ಯನಟ ನರಸಿಂಹರಾಜು ಪಳಗಿದುದೂ, ಬಿ. ವಿ. ಕಾರಂತರು ಬಾಲಕರಾಗಿ ಸೇರಿದುದೂ ಅಲ್ಲಿಯೇ. ಬೋಧನೆಯೆಂಬ ಅರ್ಥದ ಅರಬ್ಬಿ ಮಾತು 'ತಾಲೀಮು' ಆಗಿ ಗರಡಿಗೂ ರಂಗಕ್ಕೂ ಸಮಾನವಾಯಿತು. ಪರದೆ ಪಾರಸಿ ಭಾಷೆಯಿಂದ ಬಂದರೆ, ಸೀನು, ಸೈಡ್‌ವಿಂಗು, ಪ್ರಾಂಪ್ಟರ್, ಒನ್ಸ್‌ಮೋರ್‌ಗಳು ಇಂಗ್ಲಿಷಿನಿಂದ ಬಂದು ಕನ್ನಡದ ಬಾಯಿಗೆ ಹದವಾದುವು. ಹಳೆಯ ಹಾಡಿನ ಧಾಟಿಗೆ ಹೊಸ ಸಾಹಿತ್ಯವನ್ನು ಕೂಡಿಸುವಾಗ ಆ ಧಾಟಿಯನ್ನು 'ಮಟ್ಟು' ಎಂದರು.

ನಾಲ್ಕನೆಯದು ಹವ್ಯಾಸಿಗಳ ಪದರ. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ನೂ, ಆಡುಮಾತನ್ನು ರಂಗಕ್ಕೆ ತಂದ ಕೈಲಾಸಂ ಅವರ ನಾಟಕಗಳೂ ಸಂಗೀತಕ್ಕಿಂತ ಸಂಭಾಷಣೆಗೆ ಹೆಚ್ಚು ಬೆಲೆಯಿತ್ತುವು. ಮುಂದೆ ಹೆಗ್ಗೋಡಿನ ನೀನಾಸಂ 1980ರಲ್ಲಿ ತೆರೆದ ರಂಗಶಿಕ್ಷಣ ಕೇಂದ್ರ, ಕಾರಂತರು ಮೊದಲ ನಿರ್ದೇಶಕರಾಗಿ 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣಗಳಲ್ಲಿ ನಿರ್ದೇಶಕ, ವಾಚನ, ಚಲನೆ, ರಂಗಸಜ್ಜಿಕೆ, ಬೆಳಕಿನ ವಿನ್ಯಾಸ ಎಂಬ ಮಾತುಗಳು ಶಿಕ್ಷಣದ ಭಾಷೆಯಾದುವು.

ತೆಂಗಿನ ಸೀಮೆಯ ಹಳ್ಳಿಗರು ಜಾತ್ರೆಗೋ ಹಬ್ಬಕ್ಕೋ 'ಕುರುಕ್ಷೇತ್ರ'ದಂಥ ಪೌರಾಣಿಕ ನಾಟಕವನ್ನು ಕೈಗೊಂಡಾಗ ಭಾಗವತನ ಸ್ಥಾನದಲ್ಲಿ ಹಾರ್ಮೋನಿಯಂ ಮೇಷ್ಟ್ರು ಕುಳಿತಿರುತ್ತಾರೆ. ತೋಟದ ಕೆಲಸ ಮುಗಿಸಿ ಬಂದ ರೈತನು ಅವರ ಶ್ರುತಿಗೆ ಕಂದ, ಸೀಸ ಎಂಬ ಪದ್ಯಗಳನ್ನು ರಾತ್ರಿಯ ಮೇಲೆ ರಾತ್ರಿ ಒಪ್ಪಿಸುತ್ತಾನೆ. ಈ ಅಭ್ಯಾಸಕ್ಕೆ ಇಲ್ಲಿ 'ಪ್ರಾಕ್ಟೀಸ್' ಎಂದೂ, ಕೊನೆಯ ಪರೀಕ್ಷೆಗೆ 'ಟ್ರಯಲ್' ಎಂದೂ ಹೆಸರು. ಆ ರೈತನು ಕೃಷ್ಣನಾಗುವುದನ್ನು ಶಾಸ್ತ್ರ ಬಲ್ಲವರು 'ಪಾತ್ರ ವಹಿಸುವುದು' ಎಂದರೆ, ಬಯಲಾಟದ ಹಿರಿಯರು 'ವೇಷ ಕಟ್ಟುವುದು' ಎನ್ನುತ್ತಾರೆ, ಕಂಪನಿಯ ಕಾಲವನ್ನು ಕಂಡವರು 'ಪಾರ್ಟು ಮಾಡುವುದು' ಎನ್ನುತ್ತಾರೆ. ರಸವನ್ನು ತುಂಬಿಕೊಳ್ಳುವ ಪಾತ್ರೆ, ಮೈಮೇಲೆ ಕಟ್ಟಿಕೊಳ್ಳುವ ರೂಪ, ಕೈಯಿಂದ ಮಾಡಿ ಮುಗಿಸಬೇಕಾದ ಕೆಲಸ ಎಂಬ ಈ ಮೂರು ಭಾವಗಳನ್ನೂ ನಟನ ಕಲೆ ಬೇಡುತ್ತದೆಯಾದುದರಿಂದ, ಮೂರರಲ್ಲಿ ಒಂದು ಮಾತು ಮರೆತುಹೋದರೂ ಅದನ್ನು ಕಲಿಸಿದ ಗುರುವಿನ ಪಾಠವೊಂದು ನಮ್ಮ ಕೈತಪ್ಪಿದಂತೆಯೇ ಸರಿ.