ಶಿರಸಿಯಲ್ಲಿ ನೀರು ಕುದಿಯೋದು 98ಕ್ಕೆ

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಿ ಬಂದವರಿಗೆ ಈ ಕಂತು ಬೇಗ ಅರ್ಥವಾಗುತ್ತೆ. ಎರಡನೇ ಗೇರು, ಮುಂದೊಂದು ಲೋಡ್ ಲಾರಿ, ಏಪ್ರಿಲ್ ಬಿಸಿಲು. ಎಂಜಿನ್‌ಗೆ ಕೆಲಸ ಜಾಸ್ತಿ, ರೇಡಿಯೇಟರಿಗೆ ಗಾಳಿ ಕಡಿಮೆ. ಆಗ ನಾವು ನೋಡೋದು ಡ್ಯಾಶ್‌ಬೋರ್ಡಿನ ಒಂದು ಸಣ್ಣ ಮುಳ್ಳನ್ನು. ಇವತ್ತು ಆ ಮುಳ್ಳಿನ ಇತಿಹಾಸ.

ಈ ದಾರಿ ಕಾರಿಗಾಗಿ ಹುಟ್ಟಿದ್ದಲ್ಲ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಇಲ್ಲಿಂದಲೇ ಕುಮಟಾ ಬಂದರಿಗೆ ಇಳಿಯುತ್ತಿತ್ತು. ಮಾರುಕಟ್ಟೆಯಲ್ಲಿ ಅದರ ಹೆಸರೇ ‘ಕುಮಟಾ ಹತ್ತಿ’. (ಬೆಳೆದ ಊರನ್ನು ಬಿಟ್ಟು ಹಡಗು ಹತ್ತಿದ ಊರಿಗೆ ಬ್ರ್ಯಾಂಡ್! ಬಿಕಾಂ ಓದಿದವನಿಗೆ ಇಂಥದ್ದು ಖುಷಿ.) ಎತ್ತು ದಣಿದರೆ ಬಾಯಲ್ಲಿ ನೊರೆ ಬರುತ್ತೆ, ಗಾಡಿಯವನಿಗೆ ಗೊತ್ತಾಗುತ್ತೆ. ಎಂಜಿನ್ ದಣಿದದ್ದು ಕಾಣೋದು ಬಾನೆಟ್ಟಿಂದ ಆವಿ ಎದ್ದಾಗ. ಅಷ್ಟೊತ್ತಿಗೆ ಹೆಡ್ ಗ್ಯಾಸ್ಕೆಟ್ ಹೋಗಿರಲೂಬಹುದು.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಹೆಚ್ಚಿನವಕ್ಕೆ ನೀರಿನ ಪಂಪೇ ಇರಲಿಲ್ಲ. ಬಿಸಿ ನೀರು ಮೇಲೇರುತ್ತೆ, ತಂಪು ನೀರು ಕೆಳಗಿಳಿಯುತ್ತೆ, ಅಷ್ಟೇ ವ್ಯವಸ್ಥೆ. 1910ರ ದಶಕದಲ್ಲಿ ಅಮೆರಿಕದ ಬಾಯ್ಸ್ ಮೋಟೋಮೀಟರ್ ಜನಪ್ರಿಯವಾಯ್ತು: ರೇಡಿಯೇಟರ್ ಮುಚ್ಚಳದ ಮೇಲೇ ಕೂತ ಗಾಜಿನ ಥರ್ಮಾಮೀಟರ್. ಚಾಲಕ ಸೀಟಿನಿಂದಲೇ ಅದರ ಕೆಂಪು ಗೆರೆ ನೋಡಬೇಕು. ರಾತ್ರಿ ಹೊತ್ತು ದೇವರೇ ಗತಿ.

ಆಮೇಲೆ ಮಾಪಕ ಒಳಗೆ ಬಂತು. ಅದಕ್ಕೆ ನೆರವಾದದ್ದು ಹಳೇ ಉಗಿಯಂತ್ರಗಳ ಕಾಲದ ವಿದ್ಯೆ. ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ಲೋಹದ ಕೊಳವೆ, ಒತ್ತಡ ಏರಿದರೆ ನೆಟ್ಟಗಾಗಲು ನೋಡುತ್ತೆ. ಎಂಜಿನ್‌ನಲ್ಲೊಂದು ಬುರುಡೆ, ಅದರಿಂದ ಕೂದಲೆಳೆಯಂಥ ತಾಮ್ರದ ನಳಿಗೆ, ಒಳಗಿನ ದ್ರವ ಕಾದಂತೆ ಒತ್ತಡ ಏರಿ ಮುಳ್ಳು ಓಡುತ್ತೆ. ಕರೆಂಟೇ ಬೇಡ. ನಳಿಗೆ ಮುರಿದರೆ ಮಾತ್ರ ಮೀಟರ್ ಮುಗೀತು. ಮುಂದೆ ವಿದ್ಯುತ್ ಸೆನ್ಸರ್ ಬಂತು: ಕಾದಷ್ಟೂ ಅದರ ರೋಧ ಕಡಿಮೆ.

ಹಳೇ ಜೀಪಿಗೆ, ಅಂಬಾಸಿಡರಿಗೆ ಹೊಸ ಮೀಟರ್ ಕೂರಿಸುವವರು ಗಮನಿಸಬೇಕಾದ್ದು ಇಲ್ಲಿದೆ. ಸೆನ್ಸರ್ ಮತ್ತು ಮೀಟರ್ ಜೋಡಿಯಾಗಿಯೇ ತಗೊಳ್ಳಿ. ಒಂದೇ ತಂತಿಯ ಸೆನ್ಸರಿಗೆ ಅರ್ಥ್ ಸಿಗೋದು ಅದರ ಮರೆಯಿಂದಲೇ, ಅಂದ್ರೆ ಥ್ರೆಡ್ಡಿನಿಂದ. ಸೋರದಿರಲಿ ಅಂತ ಅಲ್ಲಿ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೆ ರೋಧ ಹೆಚ್ಚಿ, ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ತಂಪು ಅನ್ನುತ್ತೆ. ಮೀಟರ್ ಇಲ್ಲದಿರೋದಕ್ಕಿಂತ ಇದು ಅಪಾಯ.

ಕೂರಿಸುವ ಮೊದಲು ಒಲೆಯ ಮೇಲೆ ಪರೀಕ್ಷೆ ಮಾಡಿ. ಪಾತ್ರೆಯ ನೀರಲ್ಲಿ ಸೆನ್ಸರ್ ಇಳಿಬಿಡಿ, ತಳಕ್ಕೆ ತಾಗಬಾರದು. ಅದರ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ತಂತಿ ಕೊಡಿ. ಪಕ್ಕದಲ್ಲೊಂದು ಒಳ್ಳೆ ಥರ್ಮಾಮೀಟರ್ ಇಟ್ಟು 60ಕ್ಕೆ, 80ಕ್ಕೆ, ಕುದಿಯುವಾಗ ಮುಳ್ಳು ಎಲ್ಲಿದೆ ಅಂತ ಬರೆದುಕೊಳ್ಳಿ. ಕುದಿದದ್ದು 100 ಅಂತ ಕಣ್ಣುಮುಚ್ಚಿ ಗುರುತು ಹಾಕಬೇಡಿ ಮಾರಾಯ್ರೆ! ಅದು ಕುಮಟಾದ ಲೆಕ್ಕ. ಸುಮಾರು 300 ಮೀಟರ್ ಏರಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತೆ. ಶಿರಸಿ ಸುಮಾರು 600 ಮೀಟರ್ ಎತ್ತರ, ಇಲ್ಲಿ 98. ಸ್ವರ್ಣವಲ್ಲಿ ಕಡೆಯೂ ಹೆಚ್ಚುಕಡಿಮೆ ಅಷ್ಟೇ. ತಪ್ಪಿದರೆ ಮೀಟರ್ ಎರಡು ಡಿಗ್ರಿ ಜಾಸ್ತಿ ತೋರಿಸುತ್ತೆ. ಎಚ್ಚರಿಕೆಯ ಕಡೆಗಿನ ತಪ್ಪು ಅನ್ನಿ, ಆದರೂ ಲೆಕ್ಕ ಲೆಕ್ಕವೇ.

ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ನೀಲಿ–ಕೆಂಪು ದೀಪ ಅಷ್ಟೇ. ಮುಳ್ಳಿರುವ ಕಾರುಗಳಲ್ಲೂ ಹಲವು ಕಡೆ ಅದು ನಡುವೆ ಅಂಟಿಕೊಂಡಂತೆ ನಿಲ್ಲೋ ಹಾಗೆ ಮಾಡಿದ್ದಾರೆ, ನಾವು ಗಾಬರಿಯಾಗಬಾರದು ಅಂತ. ನನಗಿದು ಒಪ್ಪಿಗೆಯಿಲ್ಲ. ಘಟ್ಟದಲ್ಲಿ ಗಾಬರಿ ಸ್ವಲ್ಪ ಮೊದಲೇ ಆಗಬೇಕು.

ಇನ್ನೊಂದು. ಏರಿಯಲ್ಲಿ ಕಾದಿದ್ದ ಮುಳ್ಳು ದಿಢೀರ್ ಅಂತ ಇಳಿದರೆ ಸಮಾಧಾನಪಡಬೇಡಿ. ನೀರು ಸೋರಿಹೋಗಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿರಬಹುದು. ಗಾಡಿ ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ. ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ.